ಗೋಡೆಯಾಚೆಯ ಕುಲುಮೆ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳು ಯಾವಾಗಲೂ ಕಪ್ಪಗಿರುತ್ತಿತ್ತು. ಎಡಗೈಯಲ್ಲಿ ಬಳೆ, ಉಂಗುರ, ಒಪ್ಪವಾಗಿ ಕತ್ತರಿಸಿದ ಉಗುರು ಎಲ್ಲ ಇದ್ದವು. ಬಲಗೈ ಹೆಬ್ಬೆರಳು ಮಾತ್ರ ಗ್ಯಾರೇಜಿನವರದ್ದು. ಎಲ್ಲಿಗೆ ಹೋದರೂ ಗೋಡೆಯನ್ನೋ ಕಿಟಕಿಯ ಸರಳನ್ನೋ ಗಿಡದ ಎಲೆಯನ್ನೋ ಆ ಬೆರಳಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡದಿದ್ದರೆ ಅವರಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ನನ್ನ ಚಿಕ್ಕಮ್ಮನ ಮಗಳ ಮದುವೆಗೆ ಬಂದಾಗಲೂ ಅಷ್ಟೆ, ಮೊದಲು ಛತ್ರದ ಹಿಂದಿದ್ದ ಜನರೇಟರಿನ ಕೊಳವೆ ಮುಟ್ಟಿ ನೋಡಿ, ಆಮೇಲೆ ಅಕ್ಷತೆ ಹಾಕಿ, ಅದೇ ಕೈಯಿಂದ ಮದುಮಗಳ ಗಲ್ಲ ಸವರಿದ್ದರು. ಆ ಕಪ್ಪು ಗುರುತು ಮದುವೆಯ ಆಲ್ಬಮ್ಮಿನಲ್ಲಿ ಈಗಲೂ ಇದೆ. ಚಿಕ್ಕಮ್ಮ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಶಿವಮೊಗ್ಗದ ಕೋಟೆ ರಸ್ತೆಯಲ್ಲಿ, ಪಾತ್ರೆ ಅಂಗಡಿಯೊಂದರ ಮೇಲೆ ನಮ್ಮ ಆಫೀಸು ಇತ್ತು. ಅಲ್ಲಿ ಮಾಡುವ ಕೆಲಸ ಏನೆಂದು ನೆಂಟರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು. ಒಂದು ಕಾರ್ಖಾನೆಯೋ ಆಸ್ಪತ್ರೆಯೋ ಊರೋ ವರ್ಷವಿಡೀ ಉರಿಸಿದ ಡೀಸೆಲ್ಲು, ಕಲ್ಲಿದ್ದಲು, ಬಳಸಿದ ಕರೆಂಟು, ಕೊಳೆಯಲು ಬಿಟ್ಟ ಕಸ ಇವನ್ನೆಲ್ಲ ಸೇರಿಸಿ, ಭೂಮಿಯನ್ನು ಬಿಸಿ ಮಾಡುವ ಅನಿಲ ಎಷ್ಟು ಹೊರಬಿತ್ತೆಂದು ಲೆಕ್ಕ ಹಾಕಿ ವರದಿ ಕೊಡುವುದು ನಮ್ಮ ಕಸುಬು. ಈಗೀಗ ಹೊರದೇಶದ ಗಿರಾಕಿಗಳು ಆ ವರದಿ ಇಲ್ಲದೆ ಮಾಲನ್ನು ಮುಟ್ಟುವುದಿಲ್ಲ. ಗೋಪಾಳದ ನಮ್ಮ ಬೀದಿಯವರು ನನ್ನನ್ನು ಗಾಳಿ ಲೆಕ್ಕದವಳು ಎಂದೇ ಕರೆಯುತ್ತಿದ್ದರು. ಪರೀಕ್ಷೆ ಪಾಸು ಮಾಡಿ, ವರದಿಗೆ ಸಹಿ ಹಾಕುವ ಅಧಿಕಾರ ಪಡೆದವರು ಆಫೀಸಿನಲ್ಲಿ ಮೇಡಂ ಮತ್ತು ನಾನು ಇಬ್ಬರೇ. ಆ ಅಧಿಕಾರವೂ ಆ ಆಫೀಸಿನಲ್ಲಿ ಕೆಲಸಕ್ಕಿರುವ ತನಕ ಮಾತ್ರ.

ಕೂಡಿಸುವುದು, ಗುಣಿಸುವುದು ಯಾರಿಗಾದರೂ ಬರುತ್ತದೆ. ಈ ಕೆಲಸದಲ್ಲಿ ಕಷ್ಟವಿರುವುದು ಗಡಿ ಎಳೆಯುವುದರಲ್ಲಿ. ಯಾವ ಹೊಗೆ ಯಾರ ಲೆಕ್ಕಕ್ಕೆ? ಎಲ್ಲರೂ ತಮ್ಮದನ್ನು ಪಕ್ಕದವರ ಅಂಗಳಕ್ಕೆ ತಳ್ಳುವವರೇ. ಶಿವಮೊಗ್ಗ ನಗರದ ಲೆಕ್ಕ ಮಾಡುವಾಗ ಸಭೆಯಲ್ಲಿ ಒಬ್ಬರು ಎದ್ದು ನಿಂತು, "ವಿಮಾನ ಇಳಿಯೋದು ಊರಾಚೆ ಸೋಗಾನೇಲಿ ಮೇಡಂ, ಅದು ಸಿಟಿ ಲೆಕ್ಕಕ್ಕೆ ಬರಲ್ಲ" ಎಂದರು. "ಇಳಿದೋರು ಸೋಗಾನೇಲೇ ಉಂಡು ಮಲಗ್ತಾರಾ ಸ್ವಾಮಿ?" ಎಂದರು ಮೇಡಂ. ಸಭೆ ನಕ್ಕಿತು. ಕೊನೆಗೆ ಬೇರೆ ಸಾಲಿನಲ್ಲಾದರೂ ವಿಮಾನ ಲೆಕ್ಕಕ್ಕೆ ಸೇರಿತು. ಕಾರ್ಖಾನೆಗಳ ವಿಷಯದಲ್ಲಂತೂ ಅವರದ್ದು ಒಂದೇ ಪಾಠ. "ಯಾರ ಹೆಸರಲ್ಲಿದೆ ಅಂತ ನೋಡ್ಬೇಡ. ಅಲ್ಲಿ ಯಾರ ಮಾತು ನಡೆಯುತ್ತೆ ನೋಡು. ಮಾತು ಯಾರದ್ದೋ ಹೊಗೆನೂ ಅವರದ್ದೇ." ಇದನ್ನು ಕೇಳಿ ಕೇಳಿ ನಾನು ಅವರ ಬೆನ್ನ ಹಿಂದೆ ಅವರದೇ ಧಾಟಿಯಲ್ಲಿ ಅಣಕಿಸುತ್ತಿದ್ದೆ. ಒಮ್ಮೆ ಸಿಕ್ಕಿಬಿದ್ದೆ ಕೂಡ. "ಇನ್ನೂ ಸ್ವಲ್ಪ ಮೂಗಲ್ಲಿ ಹೇಳ್ಬೇಕು ಮಾರಾಯ್ತಿ, ಆಗ ಸರಿಯಾಗುತ್ತೆ" ಎಂದು ತಿದ್ದಿದರು.

ಮೇಡಂ ಇದ್ದದ್ದು ಭದ್ರಾವತಿಯಲ್ಲಿ, ಅಣ್ಣನ ಮನೆಯಲ್ಲಿ. ಗಂಡನ ಮನೆ ಬಿಟ್ಟು ಬಂದ ಮೇಲೆ ಅಲ್ಲೇ ನಿಂತವರು. ಅಣ್ಣನದು ಎರಕದ ಕಾರ್ಖಾನೆ. ಕಬ್ಬಿಣ ಕರಗಿಸಿ ಪಂಪಿನ, ಟ್ರ್ಯಾಕ್ಟರಿನ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಿದ್ದರು. ತಂಗಿಗೆ ಆಫೀಸು ಹಾಕಿಕೊಟ್ಟವರು ಅವರೇ, ಆಫೀಸಿನ ಮೊದಲ ಗಿರಾಕಿಯೂ ಅವರೇ. ನನ್ನ ತಮ್ಮನಿಗೂ ಅಚ್ಚು ಕಟ್ಟುವ ವಿಭಾಗದಲ್ಲಿ ಕೆಲಸ ಕೊಟ್ಟಿದ್ದರು, ಆದರೆ ಅದು ಕಾಯಂ ಆಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆ ನಡೆಯುತ್ತಿದ್ದುದು ತಮ್ಮನ ಮತ್ತು ನನ್ನ ದುಡಿಮೆಯ ಮೇಲೆ. ಅಣ್ಣನವರನ್ನು ಕೆಟ್ಟವರೆಂದು ಬರೆದುಬಿಟ್ಟರೆ ನನಗೆ ಸುಲಭ. ಆದರೆ ಕೆಲಸಗಾರರ ಮನೆಯಲ್ಲಿ ಹೆರಿಗೆ ನೋವು ಎಂದರೆ ತಮ್ಮ ಕಾರನ್ನೇ ಕಳಿಸುವ ಮನುಷ್ಯ ಅವರು.

ಆ ಮನೆಯ ಒಳಕೋಣೆಯಲ್ಲಿ ಅವರ ತಾಯಿ ಮಲಗಿದ್ದರು. ಲಕ್ವ ಹೊಡೆದು ಮಾತು ನಿಂತಿತ್ತು. ಸೊಸೆ ತುತ್ತು ಕೊಟ್ಟರೆ ಹಲ್ಲು ಕಚ್ಚಿಕೊಳ್ಳುವರು, ನರ್ಸು ಕೊಟ್ಟರೆ ಉಗಿದುಬಿಡುವರು, ಮಗಳ ಕೈ ಕಂಡರೆ ಮಾತ್ರ ಬಾಯಿ ತೆರೆಯುವರು. ಹೀಗಾಗಿ ಮೇಡಂ ಬೆಳಿಗ್ಗೆ ಉಣಿಸಿ ಶಿವಮೊಗ್ಗದ ಬಸ್ಸು ಹತ್ತುತ್ತಿದ್ದರು. ಮಧ್ಯಾಹ್ನ ಭದ್ರಾವತಿಗೆ ಓಡಿ, ಮತ್ತೆ ಉಣಿಸಿ, ಮತ್ತೆ ಆಫೀಸಿಗೆ ಬರುತ್ತಿದ್ದರು. ಬೆಂಗಳೂರಿನಲ್ಲಿ ಸೆಮಿನಾರೆಂದು ಯಾರಾದರೂ ಕರೆದರೆ, "ಅಲ್ಲಿಗೆ ಹೋಗಿ ಊಟಕ್ಕೆ ವಾಪಸ್ ಬರೋ ಬಸ್ಸಿದ್ರೆ ಹೇಳಿ, ಬರ್ತೀನಿ" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಕೇಳಿದವರೂ ನಗುತ್ತಿದ್ದರು.

ಆ ವರ್ಷ ಅಣ್ಣನ ಕಾರ್ಖಾನೆಯ ಕಾಗದಗಳು ಬಂದಾಗ ನನಗೆ ನಿಜಕ್ಕೂ ಖುಷಿಯಾಯಿತು. ಕೋಕ್ ಕಲ್ಲಿದ್ದಲಿನ ಎದುರು ಸೊನ್ನೆ ಇತ್ತು. ಹಳೆಯ ಕುಲುಮೆ ಆರಿಸಿ, ಪೂರ್ತಿ ಕರೆಂಟಿನದಕ್ಕೆ ಬಂದಿದ್ದಾರೆ ಎಂದುಕೊಂಡೆ. ಹೊರದೇಶದ ದೊಡ್ಡ ಗಿರಾಕಿಯೊಬ್ಬ, ಹೊಗೆ ಇಳಿಸಿ ತೋರಿಸಿದರೆ ಆರ್ಡರು, ಇಲ್ಲದಿದ್ದರೆ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದ. ಮೇಡಂ ಕಾಗದ ನೋಡಿ ಎದ್ದು ನಿಂತರು. "ಬಾ, ನೋಡ್ಕೊಂಡು ಬರೋಣ" ಎಂದರು.

ಕಾರ್ಖಾನೆಯ ಅಂಗಳ ಹೊಸ ಬಣ್ಣ ಬಳಿದುಕೊಂಡು ಸ್ವಚ್ಛವಾಗಿತ್ತು. ಕಾಂಪೌಂಡಿನ ಅಂಚಿನಲ್ಲಿದ್ದ ಹೊಂಗೆ ಮರದ ಎಲೆಯನ್ನು ಮೇಡಂ ಹೆಬ್ಬೆರಳಿನಿಂದ ಒರೆಸಿದರು. "ಇದೇನೇ ಇದು, ಸೊನ್ನೆ ಇಷ್ಟು ಕಪ್ಪಗಿದೆ?" ಎಂದರು. ನಾವು ಗೋಡೆ ಸುತ್ತಿಕೊಂಡು ಹಿಂದಕ್ಕೆ ಹೋದೆವು. ಅಲ್ಲಿ ತಗಡಿನ ಶೆಡ್ಡು, ಅದರೊಳಗೆ ಅದೇ ಹಳೆಯ ಕುಲುಮೆ. ಬೋರ್ಡಿನ ಮೇಲೆ ಕಾರ್ಖಾನೆಯ ಸೂಪರ್‌ವೈಸರನ ಹೆಂಡತಿಯ ಹೆಸರು. ಗೋಡೆ ಒಡೆದು ಟ್ರಾಲಿ ಓಡಿಸಲು ಕಂಬಿ ಹಾಕಿದ್ದರು. ಕಾದ ಕಬ್ಬಿಣ ಗೋಡೆ ದಾಟಿ ಬರುತ್ತಿತ್ತು. ಲೆಕ್ಕ ಮಾತ್ರ ಗೋಡೆಯಾಚೆಯೇ ಉಳಿಯುತ್ತಿತ್ತು.

"ಇದು ಯಾರ ಶೆಡ್ಡಪ್ಪ?" ಎಂದು ಮೇಡಂ ಕುಲುಮೆಯ ಹತ್ತಿರವಿದ್ದ ತಮಿಳಿನವನನ್ನು ಕೇಳಿದರು.

"ಸೂಪರ್‌ವೈಸರ್ ಸಂಸಾರದ್ದು ಅಂತಾರೆ ಅಮ್ಮಾ."

"ಬೆಂಕಿ ಹಚ್ಚು, ಆರಿಸು ಅನ್ನೋದು ಯಾರು? ಅವರೇನಾ?"

"ಐಯೋ, ಅವರಿಗೇನು ತೆರಿಯುತ್ತೆ? ನಮ್ಮ ಮುದಲಾಳಿ, ನಿಮ್ಮಣ್ಣನೋರೇ ಫೋನ್ ಮಾಡ್ತಾರಲ್ಲ."

ಮೇಡಂ ಅವನಿಗೆ ಕೈ ಮುಗಿದರು. ಯಾಕೆ ಮುಗಿದರೋ, ಅವನಿಗೂ ಗೊತ್ತಾಗಲಿಲ್ಲ.

ಅವತ್ತು ಊಟಕ್ಕೆ ನನ್ನನ್ನೂ ಮನೆಗೆ ಕರೆದೊಯ್ದರು. ತಾಯಿಗೆ ಉಣಿಸಿ ಬಂದು ಕೂರುವಷ್ಟರಲ್ಲಿ ಅಣ್ಣನವರು ಬಂದರು. ನಾವು ಹಿಂದುಗಡೆ ಹೋಗಿದ್ದು ಅವರಿಗಾಗಲೇ ತಿಳಿದಿತ್ತು.

"ಶೆಡ್ಡು ನಂದಲ್ಲ. ಕಾಗದ ಇದೆ" ಎಂದರು ಕೂರುತ್ತಲೇ.

"ಕಾಗದ ನೋಡಿದೆ."

"ಈ ಆರ್ಡರ್ ತಪ್ಪಿದ್ರೆ ಬಾಗಿಲು ಹಾಕ್ಬೇಕು ಕಣೇ. ಬಾಗಿಲು ಹಾಕಿದ ಕಾರ್ಖಾನೆ ಈ ಊರಿಗೆ ಹೊಸದಾ? ಆ ಹುಡುಗರ ಮನೆಗೆ ಹೋಗಿ ನೀನು ಹೇಳ್ತೀಯಾ, ಹೊಗೆ ಜಾಸ್ತಿ ಬರೆದುಬಿಟ್ಟೆ, ನಾಳೆಯಿಂದ ಬರ್ಬೇಡಿ ಅಂತ?"

ಮೇಡಂ ಅನ್ನ ಕಲಸುತ್ತಿದ್ದರು.

"ನಿಂಗೆ ಆ ಆಫೀಸು ಹಾಕಿಕೊಟ್ಟೋನು ಯಾರು?"

"ನೀನೇ."

"ಮತ್ತೆ?"

"ಮತ್ತೇನು? ಉಪ್ಪಿನಕಾಯಿ ಹಾಕ್ಕೊ" ಎಂದು ಬಟ್ಟಲನ್ನು ಅವರತ್ತ ತಳ್ಳಿದರು. ಅತ್ತಿಗೆ ಸಾರಿನ ಸೌಟು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದರು.

ಆಮೇಲಿನ ದಿನಗಳಲ್ಲಿ ಮೇಡಂ ಅವರನ್ನು ನೋಡುವುದು ಕಷ್ಟವಾಗುತ್ತಿತ್ತು. ವರದಿ ಬರೆಯಲು ಕೂರುವರು, ಗಡಿಯ ವಿವರ ಬರುವ ಪುಟದಲ್ಲಿ ನಿಂತುಬಿಡುವರು. ಎದ್ದು ಕಿಟಕಿಗೆ ಹೋಗಿ, ಮತ್ತೆ ಬಂದು ಅದೇ ಪುಟ ತೆರೆಯುವರು. ಶೆಡ್ಡು ಸೇರಿಸಿದರೆ ಕಾರ್ಖಾನೆಗೆ ಏಟು, ಆ ಮನೆಯ ಅನ್ನಕ್ಕೆ ಏಟು. ಬಿಟ್ಟರೆ ಇಷ್ಟು ವರ್ಷ ಊರೂರಿಗೆ ಹೇಳಿಕೊಟ್ಟ ಪಾಠಕ್ಕೆ ತಾವೇ ಮಸಿ ಬಳಿಯಬೇಕು. "ಶಿವಮೊಗ್ಗದಲ್ಲೇ ಒಂದು ಮನೆ ಮಾಡಿ, ಅಮ್ಮನ್ನ ಕರ್ಕೊಂಡು ಬನ್ನಿ ಮೇಡಂ" ಎಂದೆ. ಕಿರಿಯರಿಗೆ ಎಲ್ಲ ಸುಲಭವಾಗಿ ಕಾಣುತ್ತದಲ್ಲ. ಪಾಪ, ಅವರು ಅದನ್ನೂ ಮಾಡಿ ನೋಡಿದರು. ಗೋಪಾಳದಲ್ಲಿ ನಮ್ಮ ಮನೆ ಹತ್ತಿರವೇ ಒಂದು ಕೆಳಮನೆ ಹಿಡಿದು, ವ್ಯಾನಿನಲ್ಲಿ ತಾಯಿಯನ್ನು ಕರೆತಂದರು. ಆ ಮುದುಕಿ ಹೊಸ ಗೋಡೆ, ಹೊಸ ಸೂರು ನೋಡಿ ಗಾಬರಿಬಿದ್ದು, ಮಾತಿಲ್ಲದ ಬಾಯಲ್ಲೇ ಕೂಗಲು ಶುರುಮಾಡಿದರು. ಮಗಳ ಕೈತುತ್ತನ್ನೂ ಮುಟ್ಟಲಿಲ್ಲ. ಮಾರನೆಯ ದಿನ ಅದೇ ವ್ಯಾನು ಬಂತು.

ವ್ಯಾನಿಗೆ ಕಾಯುತ್ತಾ ಜಗುಲಿಯಲ್ಲಿ ಕೂತಿದ್ದಾಗ ಮೇಡಂ ಹೇಳಿದ್ದು ನನಗೆ ಮರೆಯುವುದಿಲ್ಲ. "ನನ್ನ ಲೆಕ್ಕಾನೇ ಹಾಕಿ ನೋಡು. ಎಷ್ಟೊತ್ತಿಗೆ ಏಳ್ಬೇಕು, ಯಾವ ಬಸ್ಸು ಹತ್ಬೇಕು, ಯಾವಾಗ ವಾಪಸ್ ಬರ್ಬೇಕು, ಎಲ್ಲಾ ಆ ಮನೆ ಹೇಳುತ್ತೆ. ಅಲ್ಲಿ ನಡೆಯೋದು ಅವನ ಮಾತು. ಅಂದ್ರೆ ನಾನೂ ಅವನದ್ದೇ ಬಾಬ್ತು." ಹೇಳಿ ನಕ್ಕರು. ನನಗೆ ನಗು ಬರಲಿಲ್ಲ, ಅಳು ಬಂತು.

ಅದೇ ವಾರ ನನ್ನ ತಮ್ಮ ಸಂಜೆ ಮನೆಗೆ ಬಂದವನು ಉಬ್ಬಿಹೋಗಿದ್ದ. "ಧಣಿ ನಿನ್ನ ವಿಷಯ ಕೇಳಿದ್ರು ಕಣೆ. ನಿಮ್ಮಕ್ಕ ಬಾಳ ಹುಷಾರಂತಲ್ಲ ಅಂದ್ರು" ಎಂದ. ನಾನೂ ಉಬ್ಬಿದೆ.

ಅದಾಗಿ ಒಂದೆರಡು ದಿನಕ್ಕೆ ಆಫೀಸಿಗೆ ಹೋದರೆ ಮೇಡಂ ತಲೆ ಎತ್ತಲಿಲ್ಲ. "ಇವತ್ತಿಂದ ನೀನು ಬರೋದು ಬೇಡ. ಸಹಿ ಹಾಕೋರ ಪಟ್ಟಿಯಿಂದ ನಿನ್ನ ಹೆಸರು ತೆಗ್ಸಿದೀನಿ" ಎಂದರು. ಯಾಕೆ ಎಂದು ಕೇಳಿದೆ. "ನಿನ್ನ ಕೆಲಸ ನಂಗೆ ಸಾಲ್ತಿಲ್ಲ." ಅಷ್ಟೇ. ಅತ್ತುಬಿಟ್ಟೆ, ಜಗಳವಾಡಿದೆ, ನಿಮ್ಮ ಮನೆಯ ಸಿಟ್ಟನ್ನು ನನ್ನ ಮೇಲೆ ಯಾಕೆ ತೀರಿಸುತ್ತೀರಿ ಎಂದೆ. ಅವರು ನನ್ನ ಊಟದ ಡಬ್ಬಿಯನ್ನು ತೊಳೆದು, ಒರೆಸಿ, ಮೇಜಿನ ಮೇಲಿಟ್ಟು ಒಳಕೋಣೆಗೆ ಹೋದರು. ಕೆಳಗೆ ಪಾತ್ರೆ ಅಂಗಡಿಯವರು "ಏನಾಯ್ತಮ್ಮ?" ಎಂದು ಕೇಳಿದರೂ ನಿಲ್ಲದೆ, ಬಾಯಿಗೆ ಬಂದಂತೆ ಬೈಯುತ್ತಾ ಮನೆಗೆ ನಡೆದೆ.

ಮುಂದಿನದು ನನಗೆ ತಮ್ಮನಿಂದ ತಿಳಿಯಿತು. ಮೇಡಂ ಕೊನೆಗೂ ಶೆಡ್ಡನ್ನು ಸೇರಿಸಿಯೇ ವರದಿ ಬರೆದು, ಸಹಿ ಹಾಕಿ ಅಣ್ಣನ ಕೈಗೆ ಕೊಟ್ಟರು. ಅಣ್ಣ ಅದನ್ನು ಬೀರುವಿನಲ್ಲಿಟ್ಟು, ದೂರದ ಊರಿನಿಂದ ಇನ್ಯಾರನ್ನೋ ಕರೆಸಿ ಬೇಕಾದ ವರದಿ ಬರೆಸಿಕೊಂಡರು. ಆರ್ಡರು ಬಂತು. ಕಾರ್ಖಾನೆ ಉಳಿಯಿತು, ನನ್ನ ತಮ್ಮನ ಕೆಲಸವೂ ಕಾಯಂ ಆಯಿತು. ಅದನ್ನು ಕೇಳಿ ಅವ್ವ ದೇವರಿಗೆ ದೀಪ ಹಚ್ಚಿದಳು. ನಾನು ಬೇಡ ಎನ್ನಲಿಲ್ಲ. ಆ ವರ್ಷದ ಆಯುಧಪೂಜೆಗೆ ಗೋಡೆಯಾಚೆಯ ಕುಲುಮೆಗೆ ಚೆಂಡುಹೂವಿನ ಹಾರ ಹಾಕಿ, ಮನೆಯ ಹೆಣ್ಣುಮಗಳೆಂದು ಮೇಡಂ ಕೈಯಲ್ಲೇ ಆರತಿ ಎತ್ತಿಸಿದರಂತೆ. "ಎತ್ತಿದ್ರು ಕಣೆ. ತಟ್ಟೆ ಇಳಿಸಿ ಕುಲುಮೇನ ಹೆಬ್ಬೆರಳಲ್ಲಿ ಒರೆಸಿ ನೋಡಿದ್ರು" ಎಂದ ತಮ್ಮ. ಸಾಯಂಕಾಲ ಮನೆಗೆ ಹೋಗಿ ತಾಯಿಗೆ ಉಣಿಸಿರುತ್ತಾರೆ, ಇನ್ನೇನು ಮಾಡಿಯಾರು. ಆ ಮನೆಯಲ್ಲಿ ಅಣ್ಣ ತಂಗಿ ಒಂದೇ ಪಂಕ್ತಿಯಲ್ಲಿ ಕೂತು, ಮಾತಿಲ್ಲದೆ ಉಂಡು ಏಳುತ್ತಿದ್ದರಂತೆ.

ನಾನು ಬೇರೆ ಕಡೆ ಕೆಲಸಕ್ಕೆ ಸೇರಿಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಅವರು ಎದುರಾದಾಗಲೆಲ್ಲ ಮುಖ ತಿರುಗಿಸುತ್ತಿದ್ದೆ. ಅವರೇ, "ಹೆಂಗಿದೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಭದ್ರಾವತಿಯ ಬಸ್ಸಿಗೆ ಓಡುತ್ತಿದ್ದರು. ಹೋದ ಬೇಸಿಗೆಯಲ್ಲಿ ಆ ಮಧ್ಯಾಹ್ನದ ಬಸ್ಸಿನಲ್ಲೇ, ಕೂತ ಸೀಟಿನಲ್ಲೇ ಅವರ ಉಸಿರು ನಿಂತಿತು. ನಿದ್ದೆ ಹೋಗಿದ್ದಾರೆಂದು ಕಂಡಕ್ಟರ್ ಎಬ್ಬಿಸಲಿಲ್ಲವಂತೆ. ತಾಯಿ ಇನ್ನೂ ಇದ್ದರು.

ಅವರ ಶಿವಗಣಾರಾಧನೆಯ ದಿನ ಭದ್ರಾವತಿಯ ಮನೆಗೆ ಹೋಗದೆ ಇರಲಾಗಲಿಲ್ಲ. ಊಟಕ್ಕೆ ಕೂತಿದ್ದಾಗ ಅಣ್ಣನವರು ಹೋಳಿಗೆ ಬಡಿಸುತ್ತಾ ಬಂದು, ನನ್ನೆದುರು ಕುಕ್ಕರುಗಾಲಲ್ಲಿ ಕೂತರು. ಹಣೆಯ ಮೇಲೆ ಅಗಲವಾಗಿ ವಿಭೂತಿ, ಅತ್ತು ಊದಿದ ಕಣ್ಣು.

"ಅಮ್ಮ ಊಟ ಬಿಟ್ಟಿದಾಳೆ, ಯಾರ ಕೈಲೂ ತಗೊಳ್ತಿಲ್ಲ" ಎಂದರು. ಆಮೇಲೆ, "ನಿಂಗೆ ನನ್ನ ತಂಗಿ ಮೇಲೆ ಸಿಟ್ಟಿದೆ, ಅಲ್ವಾ?" ಎಂದರು.

ನಾನು ಹೋಳಿಗೆಯ ಚೂರು ಮುರಿಯತೊಡಗಿದೆ.

"ನಾನೇ ಹೇಳಿದ್ದೆ ಅವಳಿಗೆ. ಶೆಡ್ಡು ಬಿಟ್ಟ ವರದಿಗೆ ನೀನು ಸಹಿ ಹಾಕದಿದ್ರೆ ಕತ್ತೆ ಬಾಲ, ಆ ಹುಡುಗಿ ಹತ್ರ ಹಾಕಿಸ್ಕೋತೀನಿ, ಅವಳ ತಮ್ಮ ನನ್ನ ಕೈಲಿದಾನೆ ಅಂತ. ಬೆಳಗಾಗೋದ್ರೊಳಗೆ ನಿನ್ನ ತೆಗೆದುಬಿಟ್ಟಳು."

"ನಾನು ಹಾಕ್ತಿರಲಿಲ್ಲ" ಎಂದೆ.

"ಹಾಕ್ತಿದ್ದೆ ಬಿಡು ಮಾರಾಯ್ತಿ." ಬೈಗುಳದ ದನಿಯಲ್ಲ, ಸಮಾಧಾನದ ದನಿ. "ಅವಳಿಗೂ ಅದು ಗೊತ್ತಿತ್ತು." ನನ್ನ ಎಲೆಗೆ ಇನ್ನೊಂದು ಹೋಳಿಗೆ ಇಟ್ಟು, ತುಪ್ಪ ಹಾಕಿ, ಪಕ್ಕದ ಎಲೆಗೆ ಹೋದರು.

ಅವರು ಹೇಳಿದ್ದು ನಿಜ. ತಮ್ಮನ ಮುಖ ನೋಡಿ, ಅವ್ವನ ಮುಖ ನೋಡಿ, ಅತ್ತು ಕರೆದು, ಕೊನೆಗೆ ಸಹಿ ಹಾಕಿಯೇ ಹಾಕುತ್ತಿದ್ದೆ. ಮೇಡಂ ನನಗೆ ಧೈರ್ಯದ ಮಾತು ಹೇಳಲಿಲ್ಲ, ನನ್ನನ್ನು ಪರೀಕ್ಷೆಗೂ ಒಡ್ಡಲಿಲ್ಲ. ತಾವು ಹೊರಗೆ ಬರಲಾರದ ಜಾಗದಿಂದ ನನ್ನನ್ನು ಆಚೆ ನೂಕಿ, ಕೊನೆಯ ತನಕ ನನ್ನ ಸಿಟ್ಟನ್ನು ಹೊತ್ತುಕೊಂಡು ಓಡಾಡಿದರು.

ಈಗ ಈ ಕಸುಬಿನಲ್ಲಿ ನನಗೆ ಒಳ್ಳೆಯ ಹೆಸರಿದೆ. ಅದನ್ನು ಸಂಪಾದಿಸಿದ್ದು ನಾನಲ್ಲ.