ಚಾದರದ ಮರೆಯ ಮತ

ಹೈರಿಡ್ಜ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿ ಚೀನಾದ ಅಜ್ಜ ಒಬ್ಬರಿದ್ದರು, ರಸ್ತೆ ಕಟ್ಟಲು ಬಂದ ಮಗನ ಜೊತೆ. ಏನು ಕೇಳಿದರೂ ಬಿಸಿನೀರಿನ ಲೋಟವನ್ನು ಅಂಗೈಗಳ ನಡುವೆ ತಿರುಗಿಸುತ್ತಾ "ಪೋಲೆ ಪೋಲೆ" ಎನ್ನುತ್ತಿದ್ದರು. ನಿಧಾನ, ನಿಧಾನ ಎನ್ನುವ ಅಲ್ಲಿನ ಸ್ವಾಹಿಲಿ ಮಾತು ಅವರಿಗೆ ಬಹಳ ಹಿಡಿಸಿತ್ತು.

ಒಮ್ಮೆ ನಿವಾಸಿಗಳ ಸಂಘದ ಅಧ್ಯಕ್ಷರು, ತಮ್ಮ ಕಾರಿಗೆ ಗೇಟು ತೆರೆಯಲು ತಡಮಾಡಿದನೆಂದು ಕಾವಲುಗಾರನನ್ನು ತೆಗೆದುಹಾಕಲು ಸಭೆ ಕರೆದರು. "ತೆಗೆಯೋದು ಬೇಡ ಅನ್ನೋರು ಕೈ ಎತ್ತಿ" ಎಂದರು. ನಮ್ಮಲ್ಲಿ ಹೆಚ್ಚಿನವರು ಅವರ ಬಾಡಿಗೆದಾರರು. ಒಂದು ಕೈಯೂ ಏಳಲಿಲ್ಲ.

ಅಜ್ಜ ಮನೆಯಿಂದ ಚಾದರ ತಂದು ಮೂಲೆಗೆ ಅಡ್ಡ ಕಟ್ಟಿದರು. "ನಮ್ಮ ಹಳ್ಳೀಲೂ ಮೊದಲು ಪಕ್ಷದ ಕಾರ್ಯದರ್ಶಿ ಮುಖ ನೋಡ್ಕೊಂಡೇ ಕೈ ಎತ್ತುತಿದ್ವಿ. ಆಮೇಲೆ ಹೀಗೆ ಬಟ್ಟೆ ಕಟ್ಟಿದ್ವಿ. ಒಬ್ಬೊಬ್ಬರೇ ಒಳಗೆ ಹೋಗಿ ಬರೀರಿ" ಎಂದು ತಡವರಿಸುವ ಇಂಗ್ಲಿಷಿನಲ್ಲಿ ಹೇಳಿದರು. ಹಿರಿಯರ ಮಾತು ಮೀರಲಾರದೆ ಅಧ್ಯಕ್ಷರು ಚೀಟಿ ಹಂಚಿಸಿದರು.

ಕಾವಲುಗಾರ ಉಳಿದ. ಅನಿಸಿದ್ದನ್ನು ಹೆದರದೆ ಬರೆದ ಆ ಸಂಜೆಗಾಗಿ ನಾನು ಇಂದಿಗೂ ಅಜ್ಜನಿಗೆ ಋಣಿ. ಥ್ಯಾಂಕ್ಸ್ ಹೇಳಲು ಹೋದಾಗ ಕೇಳಿದೆ: "ಈಗ ನಿಮ್ಮ ಹಳ್ಳೀಲಿ ಹೇಗಿದೆ ಅಂಕಲ್?"

"ಬಟ್ಟೆ ಈಗಲೂ ಕಟ್ತಾರೆ. ಚೀಟೀಲಿ ಮಾತ್ರ ಒಂದೇ ಹೆಸರಿರುತ್ತೆ."

"ಬೇಜಾರಾಗಲ್ವಾ?"

ಅವರು ಕಿಟಕಿಯಿಂದ ಗೇಟಿನತ್ತ ಕೈ ತೋರಿಸಿದರು. "ನೋಡಮ್ಮ, ಟೀ ಕುಡೀತಾ ಕೂತಿದ್ದಾನೆ."