ಅರಿಶಿನ ಬಣ್ಣದ ಕುಲಾವಿ

ಉಲ್ಲನ್ ಹೆಣೆಯುವ ಹೆಂಗಸರೆಂದರೆ ತಾಳ್ಮೆಯವರು, ಸಾಧುಗಳು, ಮೂಲೆಯಲ್ಲಿ ಕೂತು ಕಡ್ಡಿ ಆಡಿಸುತ್ತಾ ಎಲ್ಲರಿಗೂ ಒಳ್ಳೆಯದನ್ನೇ ಬಯಸುವವರು ಎಂದು ಜನ ತಿಳಿದುಕೊಂಡಿದ್ದಾರೆ. ನನ್ನನ್ನು ಬಲ್ಲವರು ಯಾರೂ ಹಾಗೆ ಹೇಳುವುದಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸಿಟ್ಟು ಬಂದ ದಿನವೇ ನನ್ನ ಹೆಣಿಗೆ ಬಿಗಿಯಾಗಿ, ಚೊಕ್ಕಟವಾಗಿ ಬರುತ್ತದೆ. ಹಾಗೆ ನೋಡಿದರೆ ನನ್ನ ಸ್ನೇಹಿತೆಯರ ಕಾಲು ಇಷ್ಟು ವರ್ಷ ಬೆಚ್ಚಗಿದ್ದದ್ದು ನನ್ನ ಸಿಟ್ಟಿನಿಂದಲೇ.

ಹುಣಸೂರಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಬ್ಲೌಸು, ಸೀರೆಗೆ ಫಾಲ್ಸು, ಮಕ್ಕಳ ಲಂಗ, ಇವು ಹೊಟ್ಟೆಪಾಡು. ಉಲ್ಲನ್ ಹಾಗಲ್ಲ, ಅದನ್ನು ನಾನು ಮಾರುವುದಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಟೋಪಿ, ಕಾಲುಚೀಲ, ಕೈಗವಸು ಹೆಣೆದಿಟ್ಟು ಚಳಿ ಶುರುವಾಗುವ ಮುಂಚೆ ಸ್ನೇಹಿತೆಯರಿಗೆ ಕೊಡುತ್ತೇನೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ನಾಲ್ವರು ನಾವು. ಒಬ್ಬಳನ್ನು ಕೆ.ಆರ್. ನಗರಕ್ಕೆ ಕೊಟ್ಟರು, ಒಬ್ಬಳನ್ನು ಎಚ್.ಡಿ. ಕೋಟೆಗೆ, ಇನ್ನೊಬ್ಬಳನ್ನು ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರಕ್ಕೆ. ನಾನು ಹುಣಸೂರಿನಲ್ಲೇ ಉಳಿದೆ.

ಕೊಟ್ಟದ್ದನ್ನು ಇವರು ಏನು ಮಾಡಿದರು ಎಂದು ಕೇಳಿ. ಕೋಟೆಯವಳ ಮನೆಗೆ ಹೋದರೆ ನನ್ನ ಕೈಗವಸು ಅಡುಗೆಮನೆಯಲ್ಲಿ ಮಸಿ ಹಿಡಿದು ನೇತಾಡುತ್ತಿತ್ತು. ಒಲೆಯಿಂದ ಬಾಣಲೆ ಇಳಿಸಲು ಬಲು ಚೆನ್ನಾಗಿದೆ, ಇನ್ನೊಂದು ಜೊತೆ ಕೊಡು ಎಂದಳು. ಹೊಗಳಿದೆ ಅಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ. ಕೆ.ಆರ್. ನಗರದವಳು ಇನ್ನೂ ಒಂದು ಕೈ ಮೇಲು. ಅವಳ ಗಂಡನಿಗೆಂದು ಕೊಟ್ಟ ಟೋಪಿಯನ್ನು ಗದ್ದೆಯ ಬೆರ್ಚಪ್ಪನ ತಲೆಗೆ ಹಾಕಿದ್ದರು. ಗುಬ್ಬಿ ಓಡಿಸಲು ನಿಲ್ಲಿಸಿದ ಹುಲ್ಲಿನ ಗೊಂಬೆಗೆ ನನ್ನ ಹದಿನೈದು ದಿನದ ಕೆಲಸ! ಬೆರ್ಚಪ್ಪನಿಗೆ ನೆಗಡಿ ಆಗಿತ್ತಾ ಎಂದು ಕೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಮೈ ಉರಿಯಿತು.

ಕಂಪಲಾಪುರದವಳು ಮಾತ್ರ ಹಾಗಿರಲಿಲ್ಲ. ಕೊಟ್ಟದ್ದನ್ನು ಹಾಕಿಕೊಳ್ಳುತ್ತಿದ್ದಳು, ಹಿಮ್ಮಡಿ ಸವೆದರೆ ರಿಪೇರಿಗೆ ತರುತ್ತಿದ್ದಳು. ಕಾಲುಚೀಲದ ಕೊನೆಯ ಗಂಟನ್ನು ನಾನು ಹೊರಗೆ ಬಿಡುತ್ತೇನೆ, ಒಳಗೆ ಬಿಟ್ಟರೆ ಹೆಬ್ಬೆರಳಿಗೆ ಒತ್ತುತ್ತದೆ ಎಂದು. ಅದನ್ನು ಗಮನಿಸಿ, ಯಾಕೆ ಹೀಗೆ ಎಂದು ಕೇಳಿದವಳು ಅವಳೊಬ್ಬಳೇ.

ನನ್ನ ಗಂಡ ತೀರಿಕೊಂಡಾಗಲೂ ಬಂದು ನಿಂತವಳು ಅವಳೇ. ಬೆಳಿಗ್ಗೆ ಕೆಲಸಕ್ಕೆಂದು ಹೋದ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಆಮೇಲೆ ತಿಂಗಳುಗಟ್ಟಲೆ ನಾನು ಕಡ್ಡಿ ಮುಟ್ಟಲಿಲ್ಲ. ಬಂದವರೆಲ್ಲ ಆ ಸೀರೆ ಉಡಬೇಡ, ಈ ಬಣ್ಣ ಬೇಡ ಎಂದು ಬುದ್ಧಿ ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ಇವಳು ಗುರುಪುರದ ಕಡೆಯ ಟಿಬೆಟ್ ಕ್ಯಾಂಪಿಗೆ ಹೋಗಿ ಕುಂಕುಮದಂಥ ಕೆಂಪು ಉಲ್ಲನ್ ಉಂಡೆ ತಂದು ನನ್ನ ಮಡಿಲಿಗೆ ಹಾಕಿದಳು. ತನ್ನ ಕಾಲು ತಣ್ಣಗಾಗಿವೆ, ಹೆಣೆದುಕೊಡು ಎಂದಳು. ಅಳುತ್ತಲೇ ಹೆಣೆದೆ. ಆ ಕೆಂಪು ಕಾಲುಚೀಲ ಮುಗಿಯುವ ಹೊತ್ತಿಗೆ ನಾನು ಮತ್ತೆ ಅಂಗಡಿಯ ಬಾಗಿಲು ತೆಗೆದಿದ್ದೆ. ಅವಳು ನನಗೆ ಏನಾಗಿದ್ದಳು ಎಂದು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಅವಳಿಗೆ ಮಕ್ಕಳಿರಲಿಲ್ಲ. ಎರಡು ಸಲ ಗರ್ಭ ಇಳಿದುಹೋಗಿತ್ತು. ಕೊನೆಗೂ ಹೋದ ವರ್ಷ ಹೆಣ್ಣುಮಗು ಹುಟ್ಟಿತು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಕಂಪಲಾಪುರದಲ್ಲೇ. ಮಾವ ಹೋದ ಮೇಲೆ ಆ ಮನೆಯನ್ನೂ ಹೊಲವನ್ನೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನನ್ನೂ ನೋಡಿಕೊಂಡು ಬಂದವಳು ಅವಳ ಅತ್ತೆ. ಬಾಣಂತಿಯನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು.

ಸುದ್ದಿ ತಿಳಿದ ದಿನವೇ ಕಡ್ಡಿಗೆ ಕುಣಿಕೆ ಏರಿಸಿದೆ. ಅರಿಶಿನ ಬಣ್ಣದ ಮೆತ್ತನೆಯ ಉಲ್ಲನ್. ಕಿವಿ ಮುಚ್ಚುವ ಕುಲಾವಿ, ಗಲ್ಲದ ಕೆಳಗೆ ಕಟ್ಟಲು ಹೊಸೆದ ದಾರ, ಬೆರಳಿಲ್ಲದ ಪುಟ್ಟ ಕೈಗವಸು, ಹೆಬ್ಬೆಟ್ಟಿನುದ್ದದ ಕಾಲುಚೀಲ. ಎಲ್ಲ ಗಂಟೂ ಹೊರಗೆ. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಹಿಂದಿನ ದಿನ ಅವಳ ಫೋನು ಬಂತು. ಮೊದಲು ಚಳಿ, ನಿದ್ದೆ, ಎದೆಹಾಲು ಎಂದೆಲ್ಲ ಮಾತಾಡಿದಳು. ಆಮೇಲೆ ದನಿ ಇಳಿಸಿದಳು.

"ನಮ್ಮತ್ತೆ ಹಳೇ ಕಾಲ್ದೋರು ಕಣಮ್ಮಿ. ನೀನು ಬಾ, ಬ್ಯಾಡ ಅನ್ನಲ್ಲ. ಮಗೀಗೆ ತಂದಿರದನ್ನ ಮಾತ್ರ ಯಾರ ಕೈಲಾದ್ರೂ ಕೊಟ್ ಕಳ್ಸು."

ಅರ್ಥವಾಗದಿರಲು ನಾನೇನು ಎಳೆ ಮಗುವೇ? ಗಂಡನಿಲ್ಲದವಳ ಕೈಯಿಂದ ತೊಟ್ಟಿಲ ಮಗುವಿಗೆ ಏನೂ ಹೋಗಬಾರದು. ಆಯ್ತು ಎಂದು ಫೋನಿಟ್ಟೆ. ಹೋಗುವುದೇ ಬೇಡ ಎನಿಸಿತು. ಆದರೆ ಆ ಮುದುಕಿಗೆ ಹೆದರಿ ಮನೆಯಲ್ಲಿ ಕೂರುವ ಜಾಯಮಾನ ನನ್ನದಲ್ಲ. ಮರುದಿನ ಕೆ.ಆರ್. ನಗರದವಳು ಹುಣಸೂರಿನಲ್ಲಿ ಬಸ್ಸು ಬದಲಿಸುವಾಗ ಅವಳ ಜೊತೆ ಹತ್ತಿದೆ. ಕವರನ್ನು ಅವಳ ಬ್ಯಾಗಿಗೆ ತುರುಕಿ ನೀನೇ ಕೊಡು ಎಂದೆ. ಕಂಪಲಾಪುರ ಬರುವವರೆಗೂ ಆ ಅತ್ತೆಯನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ಅವಳಿಗೂ ಅವಳ ಬ್ಯಾರನ್ನಿಗೂ ಹಾಕಬಾರದ ಶಾಪ ಹಾಕಿದೆ.

ಮನೆ ತುಂಬ ಹೆಂಗಸರಿದ್ದರು. ನಾನು ಒಳಗೆ ಹೋಗದೆ ಜಗುಲಿಯಲ್ಲಿ ಕಿಟಕಿಯ ಪಕ್ಕ ಕೂತೆ. ಅಲ್ಲಿಂದ ತೊಟ್ಟಿಲು ಕಾಣುತ್ತಿತ್ತು. ಮುತ್ತೈದೆಯರು ಒಬ್ಬೊಬ್ಬರೇ ಬಂದು ತಂದದ್ದನ್ನು ಇಟ್ಟರು. ಕೆ.ಆರ್. ನಗರದವಳು ನನ್ನ ಕವರು ಬಿಚ್ಚಿದಾಗ ಹೆಂಗಸರೆಲ್ಲ ಮುಗಿಬಿದ್ದರು. ಕುಲಾವಿ ಕೈಯಿಂದ ಕೈಗೆ ಹೋಯಿತು. ಯಾರು ಹೆಣೆದದ್ದು ಎಂದು ಯಾರೋ ಕೇಳಿದರು. ಕೆ.ಆರ್. ನಗರದವಳು ಬಾಯಿ ತೆರೆಯುವಷ್ಟರಲ್ಲಿ ಬಾಣಂತಿಯೇ ಉತ್ತರ ಕೊಟ್ಟಳು. ಕ್ಯಾಂಪಿನಲ್ಲಿ ಕೊಂಡು ತಂದದ್ದು ಎಂದಳು. ನಾಲಿಗೆ ಒಂದು ಚೂರೂ ತೊದಲಲಿಲ್ಲ.

ಕಿಟಕಿಯ ಸರಳನ್ನು ಹಿಡಿದುಕೊಂಡೆ. ಕೈಯಿಂದ ಕೊಡಬೇಡ ಎಂದದ್ದನ್ನು ಹೇಗೋ ನುಂಗಿದ್ದೆ. ಈಗ ಆ ಕೈ ಇಲ್ಲವೇ ಇಲ್ಲ ಎಂದಾಯಿತು. ಆದರೂ ಅವಳ ಮೇಲೆ ಕೋಪ ಬರಲಿಲ್ಲ, ನೋಡಿ. ಪಾಪ, ಅತ್ತೆಯ ಭಯಕ್ಕೆ ಹಾಗೆ ಹೇಳಿದಳು ಎಂದುಕೊಂಡೆ. ನನ್ನ ಕೋಪವೆಲ್ಲ ಅತ್ತೆ ಇದ್ದ ಅಡುಗೆಮನೆಯ ಕಡೆಗೇ ಇತ್ತು.

ಆಗ ಆ ಅತ್ತೆ ಎಲೆಗಳ ಕಟ್ಟು ಹಿಡಿದು ಹೊರಬಂದಳು. ಗಿಡ್ಡ ಹೆಂಗಸು, ಗಂಟಿಕ್ಕಿದ ಹುಬ್ಬು. ಅವಳ ಕಾಲು ನೋಡಿದೆ. ಕೆಂಪು ಕಾಲುಚೀಲ. ಹೆಬ್ಬೆರಳಿನ ತುದಿಯಲ್ಲಿ ಹೊರಗೆ ಬಿಟ್ಟ ಗಂಟು. ನನ್ನ ಗಂಡ ಹೋದ ಮೇಲೆ ನಾನು ಮೊದಲು ಹೆಣೆದದ್ದು ಅದು. ಮಗುವಿಗೆ ನನ್ನ ಕೈಯ ಗಾಳಿ ಸೋಕಬಾರದು, ಆದರೆ ಈಕೆಯ ಒಡೆದ ಹಿಮ್ಮಡಿಗೆ ನನ್ನ ಉಲ್ಲನ್ ಬೇಕು! ಏಳವ್ವ, ಎಲೆ ಹಾಕ್ತಾರೆ, ಊಟಕ್ಕೆ ಬಾ ಎಂದಳು. ನನಗೆ ಹಸಿವಿಲ್ಲ ಎಂದು ಮುಖ ತಿರುಗಿಸಿದೆ. ಅವಳು ಒಳಗೆ ಹೋದಳು.

ಬಂದವರೆಲ್ಲ ಊಟಕ್ಕೆ ಕೂತಾಗ ಅವಳು ಮತ್ತೆ ಬಂದಳು. ಈ ಸಲ ತೋಳಿನಲ್ಲಿ ಮಗುವಿತ್ತು, ಮಗುವಿನ ತಲೆಯ ಮೇಲೆ ಅರಿಶಿನ ಬಣ್ಣದ ಕುಲಾವಿ. ನನ್ನ ಪಕ್ಕದಲ್ಲೇ ಕೂತಳು.

"ಇದರ ದಾರ ಗಲ್ಲಕ್ಕೆ ಒತ್ತತದೆ ಕಣವ್ವ. ಒಸಿ ಸಡ್ಲ ಮಾಡು. ನೀನೇ ಆಕಿದ್ದಲ್ವಾ?"

ಕ್ಯಾಂಪಿನಲ್ಲಿ ಕೊಂಡದ್ದಂತಲ್ಲ ಎಂದೆ. ಅವಳು ತನ್ನ ಕಾಲನ್ನು ಮುಂದೆ ಚಾಚಿ ತುದಿಯ ಗಂಟು ತೋರಿಸಿದಳು. ಮಗುವಿನ ಕಾಲುಚೀಲದಲ್ಲೂ ಅದೇ ಗಂಟು ನೋಡಿದ್ದಳಂತೆ. ಅಷ್ಟು ಸಾಕಿತ್ತು.

"ನಿಮ್ಮನೆ ಮಗೂನ ನಾನು ಮುಟ್ಟಬೌದಾ?" ಎಂದೆ.

"ಯಾಕವ್ವ, ಕೈ ತೊಳ್ಕಂಡಿಲ್ವಾ?"

ನಾನು ದನಿ ಏರಿಸಿದೆ. ಒಳಗಿನವರಿಗೆ ಕೇಳಲಿ ಎಂದೇ ಏರಿಸಿದೆ. ಫೋನಿನ ಮಾತು, ಕೆ.ಆರ್. ನಗರದವಳ ಬ್ಯಾಗು, ಹಳೇ ಕಾಲದ ಅತ್ತೆ, ಒಂದನ್ನೂ ಬಿಡಲಿಲ್ಲ. ನನ್ನ ಕೈ ಆಗದಿದ್ದರೆ ನನ್ನ ಕಾಲುಚೀಲವನ್ನೂ ಬಿಚ್ಚಿ ಇಡಿ ಎಂದೆ. ಅವಳು ನಡುವೆ ಬಾಯಿ ಹಾಕದೆ ಮಗುವನ್ನು ತಟ್ಟುತ್ತಾ ಕೇಳಿಸಿಕೊಂಡಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮಾತಾಡಿದಳು.

"ನಾನ್ಯಾವತ್ತವ್ವ ಅಂಗಂದೆ? ನಮ್ ಯಜಮಾನ್ರು ಓಗಿ ಎಷ್ಟು ವರ್ಸಾಯ್ತು. ಈ ಮಗೀಗೆ ದಿನಾ ನೀರುಯ್ಯೋಳು ನಾನೇ. ನನ್ ಕೈ ಆಯ್ತದೆ, ನಿನ್ ಕೈ ಆಗಲ್ವಾ?"

ಆಕೆಯ ಗಂಡ ಇಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಅವರ ತಿಥಿಯೂಟ ಉಂಡು ಬಂದವಳು ನಾನು. ಈ ಹೊತ್ತಿನವರೆಗೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಕಾಲುಚೀಲದ ವಿಷಯವನ್ನೂ ಅತ್ತೆಯೇ ಹೇಳಿದರು. ಬಸುರಿ ಎಂದು ಗೊತ್ತಾದ ವಾರವೇ ಸೊಸೆ ಅದನ್ನು ತೆಗೆದು, ಕಾಲಿಗೆ ಬಿಗಿಯಾಗುತ್ತದೆ ಎಂದು ಇವರಿಗೆ ಕೊಟ್ಟಿದ್ದಳಂತೆ. ಬಸುರಿಯ ಕಾಲು ಊದುವುದಕ್ಕೆ ಇನ್ನೂ ತಿಂಗಳುಗಳಿದ್ದವು. ಹೇಳಿ ಮುಗಿಸಿ ಅವರು ಬಾಗಿಲ ಕಡೆ ತಿರುಗಿದರು. ನಾನೂ ತಿರುಗಿದೆ.

ಬಾಣಂತಿ ಹೊಸ್ತಿಲಲ್ಲಿ ನಿಂತಿದ್ದಳು, ತಲೆಗೆ ಸ್ಕಾರ್ಫು ಕಟ್ಟಿಕೊಂಡು. ಎಲ್ಲ ಕೇಳಿಸಿಕೊಂಡಿದ್ದಳು. ಅತ್ತೆಯ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

"ಎಲ್ಡು ಸಲ ಕಳ್ಕಂಡಿದೀನಿ ನಾನು. ಚೆನ್ನಾಗಿದ್ದ ನಿನ್ ಗಂಡ ಒಂದೇ ದಿನ್ಕೆ ಓಗಿದ್ದೂ ನೋಡಿದೀನಿ. ಭಯ ಆಯ್ತು ಕಣಮ್ಮಿ. ನಿಂಗೆ ಏಳಕ್ಕಾಗದೆ ಅತ್ತೆ ಮ್ಯಾಲೆ ಆಕ್ಬುಟ್ಟೆ."

ಭಯ ಎಂದಳು. ಅವಳಿಗೆ ಭಯವಾದದ್ದು ಸುಳ್ಳಲ್ಲ, ಅದು ನನಗೂ ಗೊತ್ತು. ಆದರೆ ಆ ಭಯದಲ್ಲಿ ಅವಳು ನನ್ನನ್ನು ಎಲ್ಲಿ ಇಟ್ಟಿದ್ದಳು? ಕುಂಕುಮದ ಬಣ್ಣದ ಉಂಡೆ ತಂದು ನನ್ನನ್ನು ಎಬ್ಬಿಸಿದವಳೇ ಹೊಟ್ಟೆಯಲ್ಲಿ ಮಗು ನಿಂತ ಕೂಡಲೇ ನನ್ನ ಹೆಣಿಗೆಯನ್ನು ಕಾಲಿಂದ ಕಿತ್ತುಹಾಕಿದ್ದಳು. ಬುದ್ಧಿ ಹೇಳಿ ಕಾಫಿ ಕುಡಿದು ಹೋದವರೇ ವಾಸಿ, ಅವರು ಮುಖದ ಮೇಲೇ ಹೇಳಿದ್ದರು. ಎದೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಮಗುವನ್ನು ಮಡಿಲಿಗೆ ತೆಗೆದುಕೊಂಡು ಗಂಟು ಸಡಿಲಿಸಿ, ಮತ್ತೆ ಕಟ್ಟಿ, ಅತ್ತೆಯ ಕೈಗೆ ಕೊಟ್ಟೆ. ಅವರು ಜಗುಲಿಯಲ್ಲೇ ನನಗೆ ಎಲೆ ಹಾಕಿದರು. ಬಸ್ಸಿನುದ್ದಕ್ಕೂ ಬೈದುಕೊಂಡು ಬಂದಿದ್ದಕ್ಕೆ ಒಂದು ತಪ್ಪಾಯ್ತು ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಎರಡು ಸಲ ಸಾರು ಹಾಕಿಸಿಕೊಂಡು ಉಂಡೆ.

ಈ ಸಲ ಚಳಿ ಶುರುವಾಗುವ ಹೊತ್ತಿಗೆ ಅತ್ತೆ ನನ್ನ ಅಂಗಡಿಗೆ ಬಂದರು. ಕುಲಾವಿ ಚಿಕ್ಕದಾಗಿದೆ, ದೊಡ್ಡದು ಬೇಕು ಎಂದು ಗಿರಾಕಿಗಳ ನಡುವೆಯೇ ಮಗುವನ್ನು ತಂದು ನನ್ನ ಮಡಿಲಲ್ಲಿ ಕೂರಿಸಿದರು. ಅದಕ್ಕೆ ಎರಡು ಹಲ್ಲು ಬಂದಿದ್ದವು. ನನ್ನ ಟೇಪನ್ನು ಬಾಯಿಗೆ ಹಾಕಿಕೊಂಡಿತು. ದಾರದಿಂದ ಅದರ ತಲೆ ಅಳೆಯುತ್ತಿದ್ದಾಗ ಅತ್ತೆ ಮೆಲ್ಲಗೆ, ತನ್ನ ಸೊಸೆಗೂ ಒಂದು ಜೊತೆ ಕಾಲುಚೀಲ ಹಾಕಿಕೊಡು ಎಂದರು. ತಲೆಯೆತ್ತಿದೆ. ಅವಳು ಹೊರಗೆ ಮೆಟ್ಟಿಲ ಬಳಿ ಸೆರಗು ಹೊದ್ದು ನಿಂತಿದ್ದಳು. ನಾನು ನೋಡಿದೆನೆಂದು ಒಂದು ಮೆಟ್ಟಿಲು ಹತ್ತಿ, ಒಳಗೆ ಬರಲಾ ಎಂದು ಕೇಳಿದಳು.

"ಅಲ್ಲೇ ಇರು," ಎಂದೆ. "ಅಳತೆ ಕೊಡೋದಿದ್ರೆ ಯಾರ ಕೈಲಾದ್ರೂ ಕೊಟ್ ಕಳ್ಸು."

ಅಂಗಡಿಯಲ್ಲಿದ್ದ ಹೆಂಗಸರಿಗೆ ಏನೂ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಮುಖ ಕೆಂಪಾಯಿತು, ಆದರೆ ಹೋಗಲಿಲ್ಲ. ಅತ್ತೆ ನನ್ನ ಮೇಜಿನಿಂದ ದಾರದ ಉಂಡೆ ತೆಗೆದುಕೊಂಡು ಹೋಗಿ ಅವಳಿಗೆ ಕೊಟ್ಟರು. ಅವಳು ಮೆಟ್ಟಿಲ ಮೇಲೆ ಕೂತು, ಚಪ್ಪಲಿ ಬಿಟ್ಟು, ತನ್ನ ಪಾದವನ್ನು ತಾನೇ ಅಳೆದುಕೊಂಡು, ದಾರ ಹರಿದು ಅತ್ತೆಯ ಕೈಯಲ್ಲಿ ಒಳಗೆ ಕಳಿಸಿದಳು. ನನಗೆ ಅದು ಬೇಕಾಗಿರಲಿಲ್ಲ. ಆ ಪಾದದ ಅಳತೆ ಹೈಸ್ಕೂಲಿನಿಂದ ನನಗೆ ಗೊತ್ತು.

ಮಗುವಿನ ಕುಲಾವಿ ಮುಗಿಸಿ ಕೊಟ್ಟೆ. ಅತ್ತೆಗೂ ಒಂದು ಹೊಸ ಜೊತೆ ಕಾಲುಚೀಲ ಕಳಿಸಿದೆ. ಅವಳ ದಾರ ಇನ್ನೂ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿದೆ. ಹೆಣೆದಿಲ್ಲ.