ಯಡಿಯೂರು ಕೆರೆಯವರೆಗೆ

ಅಷ್ಟು ಅಚ್ಚುಕಟ್ಟಾಗಿ ಹೊರಟು, ಅಷ್ಟೇ ಅಚ್ಚುಕಟ್ಟಾಗಿ ಅರ್ಧ ದಾರಿಯಿಂದ ವಾಪಸು ಬರುತ್ತಿದ್ದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಶ್ರೀಪಾದರಾಯರು ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹೊಳೆಯುವ ಬೂಟು. ತರಕಾರಿಗೆಂದು ಶಾಪಿಂಗ್ ಕಾಂಪ್ಲೆಕ್ಸಿಗೆ ಹೊರಟವರು ಮೋಡ ಕಂಡರೆ ಸಾಕು, ಖಾಲಿ ಚೀಲ ಹಿಡಿದು ಮನೆ ಸೇರುತ್ತಿದ್ದರು. ನಾನಾಗ ಕಾಲೇಜು ಹುಡುಗಿ, ನಗು ತಡೆಯುವುದೇ ಕಷ್ಟ. ಅವರಿಗೆ ಬೇಸರವಿಲ್ಲ.

"ಅನುಮಾನ ಬಂತಾ, ವಾಪಸ್ ಬಂದ್ಬಿಡ್ಬೇಕಮ್ಮ. ಅದರಲ್ಲೇನೂ ಅವಮಾನ ಇಲ್ಲ."

ಮದುವೆ ಮಂಟಪದಿಂದಲೂ ಹೀಗೇ ಬಂದಿರಬೇಕು ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ಪ್ರತಿ ಭಾನುವಾರ ಕಿತ್ತಳೆಹಣ್ಣಿನ ಪೊಟ್ಟಣ ಹಿಡಿದು ಬನಶಂಕರಿಯ ಕಡೆ ನಡೆಯುತ್ತಿದ್ದರು. ಸ್ವಲ್ಪ ಹೊತ್ತಿಗೇ ತಿರುಗಿ ಬಂದು ಹಣ್ಣನ್ನು ನಮಗೆ ಕೊಟ್ಟು ಮಹಡಿ ಹತ್ತುತ್ತಿದ್ದರು. ಎಷ್ಟೋ ತಿಂಗಳು ನಾವು ಏನೂ ಯೋಚಿಸದೆ ಆ ಹಣ್ಣು ತಿಂದೆವು.

ಒಂದು ಮಧ್ಯಾಹ್ನ ತಾರಸಿಯಲ್ಲಿ ಸಂಡಿಗೆ ಕಾಯುತ್ತಿದ್ದಾಗ, ಆ ಹಣ್ಣು ಯಾರಿಗೆಂದು ನಾನೇ ಅವರನ್ನು ಕೇಳಿದೆ. ರಾಯರು ಈಶಾನ್ಯ ಭಾರತದ ಬೆಟ್ಟಗಳಲ್ಲಿ ಸಣ್ಣ ವಿಮಾನ ಹಾರಿಸಿದವರು. ರಸ್ತೆಯಿಲ್ಲದ ಹಳ್ಳಿಗಳಿಗೆ ಅಕ್ಕಿ, ಉಪ್ಪು ಸಾಗಿಸುವ ಕೆಲಸ. ಅಲ್ಲಿ ರನ್‌ವೇ ಎಂದರೆ ಬೆಟ್ಟದ ಇಳಿಜಾರಿನಲ್ಲಿ ಹುಲ್ಲು ಸವರಿದ ಒಂದು ಪಟ್ಟಿ. ಕಣಿವೆಯ ಕೊನೆಯ ತಿರುವು ದಾಟಿದ ಮೇಲೆ ವಿಮಾನ ತಿರುಗಿಸಲು ಜಾಗವಿಲ್ಲ, ಇಳಿಯಲೇಬೇಕು. ಒಂದು ದಿನ ತಿರುವಿಗೆ ಮೊದಲೇ ಗಾಳಿ ಕೆಟ್ಟಿತ್ತು. ಪಕ್ಕದಲ್ಲಿದ್ದ ಸಹಪೈಲಟ್ ರಘು, ಬನಶಂಕರಿಯ ಹುಡುಗ, ವಾಪಸ್ ಹೋಗೋಣ ಸಾರ್ ಎಂದ. ಕೆಳಗೆ ಜನ ಉಪ್ಪಿಗಾಗಿ ಕಾಯುತ್ತಿದ್ದಾರೆಂದು ಇವರು ಮುಂದಕ್ಕೇ ಹೋದರು. ಹಿಂದಿನಿಂದ ಗಾಳಿ ತಳ್ಳಿತು, ವಿಮಾನ ತಡವಾಗಿ ನೆಲ ಮುಟ್ಟಿ ಪಟ್ಟಿಯ ಕೊನೆಯ ಬಂಡೆಗೆ ಬಡಿಯಿತು. ಇವರಿಗೆ ಕೈ ಮುರಿದದ್ದಷ್ಟೇ.

"ಸಂಜೆವರೆಗೂ ನನ್ನ ತೊಡೆ ಮೇಲೆ ಮಲಗಿ ಮಾತಾಡ್ತಿದ್ದ" ಎಂದು ಹೇಳಿ ರಾಯರು ಎದ್ದು ಒಳಗೆ ಹೋದರು.

ಭಾನುವಾರದ ಹಣ್ಣು ರಘುವಿನ ತಾಯಿಗೆ. ಮುಂದಿನ ವಾರ ನಾನೂ ಜೊತೆಗೆ ಹೊರಟೆ. ಆ ಮನೆಯ ವಿಳಾಸವನ್ನು ದಾರಿಯುದ್ದಕ್ಕೂ ಬಾಯಿಪಾಠದಂತೆ ಒಪ್ಪಿಸುತ್ತಲೇ ಬಂದರು. ಯಡಿಯೂರು ಕೆರೆಯ ಹತ್ತಿರ ಬಂದಾಗ ಅವರ ಕಾಲುಗಳು ನಿಂತವು. ಬನ್ನಿ ಅಂಕಲ್, ನಾನಿದ್ದೀನಲ್ಲ ಎಂದು ಕೈ ಹಿಡಿದೆ.

"ಏನಂತ ಹೇಳ್ಲಮ್ಮ? ನಿಮ್ಮ ಮಗ ಬೇಡ ಅಂದ, ನಾನೇ ಕೇಳ್ಲಿಲ್ಲ ಅಂತಲಾ?"

ವಾಪಸು ಬಂದೆವು. ಆ ಹಣ್ಣನ್ನು ಮಾತ್ರ ನಾನು ತಿನ್ನಲಿಲ್ಲ.

ಮರುವರ್ಷ ರಾಯರು ಮಧ್ಯಾಹ್ನದ ನಿದ್ದೆಯಲ್ಲೇ ಹೋದರು. ಸುದ್ದಿ ಮುಟ್ಟಿಸಲು ಅವರಿಗೆ ಯಾರೂ ಇರಲಿಲ್ಲ. ಮನಸ್ಸು ತಡೆಯದೆ ನಾನೇ ಕೆರೆ ದಾಟಿ ಆ ಮನೆಗೆ ಹೋದೆ. ರಘುವಿನ ತಾಯಿ ಅಕ್ಕಿ ಆರಿಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ಮೊರ ಕೆಳಗಿಟ್ಟರು. ರಘು ಬೇಡ ಎಂದದ್ದನ್ನೂ ಹೇಳಿದೆ.

"ಇಲ್ಲೇ ಇದ್ರಾ ಅವರು, ಇಷ್ಟು ಹತ್ರ? ಬೈತಿರ್ಲಿಲ್ಲ ಕಣಮ್ಮ ನಾನು. ಅವನ ಕೊನೇ ಗಳಿಗೇಲಿ ಇದ್ದೋರು ಅವರೊಬ್ರೇ. ಅವರು ಬರ್ತಾರೆ ಅಂತ ಕಾಯ್ತಾನೇ ಇದ್ದೆ."

ಸಂಜೆಯವರೆಗೂ ಮಾತಾಡುತ್ತಿದ್ದನಂತೆ ಎಂದೆ. ಆಕೆ ನನ್ನ ಕೈ ಹಿಡಿದುಕೊಂಡರು.

"ಏನು ಮಾತಾಡ್ದ?"

ಅದನ್ನು ರಾಯರು ನನಗೂ ಹೇಳಿರಲಿಲ್ಲ.